‘ಹೋಗಲಿ ಬಿಡಿ’ ಎನ್ನುವ ಮೊದಲು: ಕಾರ್ಡಿನ ವಿಷಯದಲ್ಲಿ ಅಂಗಡಿ ತಪ್ಪಿದಾಗ

(ಮೈಸೂರಿನಲ್ಲಿ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಅಂದು ಬರಲಾಗದವರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವೂ ಇಲ್ಲಿದೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಒಂದು ಚೀಟಿ ಇದೆ. ಸೀರೆ ಅಂಗಡಿಯದು. ಅಕ್ಷರ ಆಗಲೇ ಮಾಸುತ್ತಿದೆ, ಈ ಕಾಗದದ ಸ್ವಭಾವವೇ ಹಾಗೆ. ಮೊತ್ತ 8,450 ರೂಪಾಯಿ, ಸಮಯ ಸಂಜೆ 6.14. ಇದನ್ನು ಕೊಟ್ಟವರು ನಮ್ಮ ಪಕ್ಕದ ಬೀದಿಯ ಒಬ್ಬ ತಾಯಿ. ಅವರ ಫೋನಿನಲ್ಲಿ ಮಾತ್ರ ಎರಡು ಮೆಸೇಜ್ ಇದ್ದವು. ಒಂದು 6.12ಕ್ಕೆ, ಇನ್ನೊಂದು 6.14ಕ್ಕೆ, ಎರಡೂ 8,450ಕ್ಕೆ. ಗಲ್ಲಾದಲ್ಲಿದ್ದ ಹುಡುಗ “ನೆಟ್‌ವರ್ಕ್ ಸಿಗ್ತಿಲ್ಲ ಮೇಡಂ, ಹೋಗ್ಲಿಲ್ಲ, ಇನ್ನೊಂದ್ಸಲ ಹಾಕ್ತೀನಿ” ಅಂದಿದ್ದ. ಇವರು ಮತ್ತೆ ಪಿನ್ ಒತ್ತಿದ್ದರು. ಮನೆಗೆ ಬಂದು ನೋಡಿದರೆ ಎರಡೂ ಹೋಗಿತ್ತು.

ಆಮೇಲೆ ಅವರು ಆ ಅಂಗಡಿಗೆ ಐದು ಸಲ ಹೋದರು. ಮೊದಲ ಸಲ “ಮೂರು ದಿನದಲ್ಲಿ ಬರುತ್ತೆ” ಅಂದರು. ಎರಡನೆಯ ಸಲ ಮಾಲೀಕರು ಇರಲಿಲ್ಲ. ಮೂರನೆಯ ಸಲ ಲೆಕ್ಕದವರು ರಜೆಯಲ್ಲಿದ್ದರು. ನಾಲ್ಕನೆಯ ಸಲ “ನಿಮ್ಮ ಬ್ಯಾಂಕಲ್ಲಿ ಕೇಳಿ” ಎಂದರು. ಐದನೆಯ ಸಲ ಹೋದಾಗ ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ. ನನ್ನ ಹತ್ತಿರ ಬರುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಬ್ಯಾಂಕಿಗೆ ಬರೆದೆವು. ವಿವಾದ ಎತ್ತುವ ಗಡುವು ಮುಗಿದಿದೆ ಎಂಬ ಉತ್ತರ ಬಂತು. ಆ ತಾಯಿ “ಹೋಗ್ಲಿ ಬಿಡಿ ಸಾರ್” ಎಂದು ಎದ್ದು ಹೋದರು. ಅವರು ಹಾಗೆ ಅಂದದ್ದು ನನಗೆ ಆ ದುಡ್ಡಿಗಿಂತ ಹೆಚ್ಚು ನೋವು ಮಾಡಿತು. ಅದಕ್ಕೇ ಈ ಮಾತು ಆಡಬೇಕು ಅನ್ನಿಸಿದ್ದು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಕೊನೆಯ ಏಳು ವರ್ಷ ಕಾರ್ಡ್ ವಿಭಾಗದಲ್ಲಿ, ಗ್ರಾಹಕರು ‘ಡಿಸ್ಪ್ಯೂಟ್’ ಎಂದು ಕಳಿಸುವ ಕಾಗದಗಳು ಬಂದು ಬೀಳುವ ಮೇಜಿನಲ್ಲಿ ಕೂತಿದ್ದೆ. ಅಂಗಡಿಯವರು ತಪ್ಪು ಮಾಡಿದ್ದು ಕಣ್ಣಿಗೆ ಕಾಣುತ್ತಿದ್ದರೂ, ಗ್ರಾಹಕರು ತಡವಾಗಿ ಬಂದದ್ದರಿಂದಲೋ ತಪ್ಪು ಪದ ಬರೆದದ್ದರಿಂದಲೋ ದುಡ್ಡು ಕಳೆದುಕೊಂಡದ್ದನ್ನು ನೂರಾರು ಸಲ ನೋಡಿದ್ದೇನೆ. ಇವತ್ತು ನಾನು ಹೇಳಲು ಬಂದಿರುವುದು ಮುಖ್ಯವಾಗಿ ಒಂದೇ. ಅಂಗಡಿಯವರ ಜೊತೆ ವಾದ ಆಮೇಲೆ ಮಾಡೋಣ, ಮೊದಲು ಬ್ಯಾಂಕಿಗೆ ಬರೆಯೋಣ. ಬರೆಯುವಾಗ ಸರಿಯಾದ ಪದ ಬಳಸೋಣ.

ಯಾಕೆ ಬ್ಯಾಂಕು ಮೊದಲು? ಕ್ರೆಡಿಟ್ ಕಾರ್ಡ್ ಕೊಟ್ಟಾಗ ನೀವು ಅಂಗಡಿಗೆ ದುಡ್ಡು ಕೊಟ್ಟಿರುವುದಿಲ್ಲ. ನಿಮ್ಮ ಪರವಾಗಿ ನಿಮ್ಮ ಬ್ಯಾಂಕು ಕೊಟ್ಟಿರುತ್ತದೆ. ಅದು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಎಂಬ ಜಾಲದ ಮೂಲಕ ಅಂಗಡಿಯ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿಂದ ಅಂಗಡಿಯ ಖಾತೆಗೆ. ಆ ಸ್ವೈಪ್ ಯಂತ್ರ ಕೂಡ ಅಂಗಡಿಯ ಬ್ಯಾಂಕು ಅಥವಾ ಅದರ ಪರವಾಗಿ ದುಡಿಯುವ ಕಂಪನಿ ಕೊಟ್ಟದ್ದು. ದುಡ್ಡು ಹೋದ ದಾರಿಯಲ್ಲೇ ಹಿಂದಕ್ಕೆ ಎಳೆಯುವ ಒಂದು ವ್ಯವಸ್ಥೆ ಇದೆ, ಅದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ನಿಮ್ಮ ಬ್ಯಾಂಕು ಕೇಳಿದರೆ ಅಂಗಡಿಯ ಬ್ಯಾಂಕು ಉತ್ತರ ಕೊಡಲೇಬೇಕು. ಅಂಗಡಿಯವರು ತಮ್ಮ ಕಡೆಯ ಪುರಾವೆ ತೋರಿಸಬೇಕು, ಇಲ್ಲದಿದ್ದರೆ ದುಡ್ಡು ಅವರ ಖಾತೆಯಿಂದ ಕಡಿತವಾಗುತ್ತದೆ. ನೀವು ಗಲ್ಲಾದ ಮುಂದೆ ನಿಂತು ಎಷ್ಟು ಜೋರು ಮಾಡಿದರೂ ಸಿಗದ ಉತ್ತರ ಈ ದಾರಿಯಲ್ಲಿ ಸಿಗುತ್ತದೆ. ಆದರೆ ಈ ದಾರಿಗೆ ಗಡುವಿದೆ. ಹೆಚ್ಚಿನ ಬಗೆಯ ದೂರುಗಳಿಗೆ ಜಾಲಗಳ ನಿಯಮ ಸುಮಾರು 120 ದಿನ ಕೊಡುತ್ತದೆ. ನಿಮ್ಮ ಬ್ಯಾಂಕು ತನ್ನ ಕೆಲಸಕ್ಕೆ ಬೇಕಾದ ಸಮಯ ಇಟ್ಟುಕೊಂಡು ನಿಮ್ಮನ್ನು ಇನ್ನೂ ಬೇಗ ಬರಲು ಹೇಳಬಹುದು. ಆ ತಾಯಿ ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಕಳೆದುಹೋದದ್ದು ಈ ದಿನಗಳು.

ಈಗ ಪದಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ.

ಸಹಾಯವಾಣಿಗೆ ಫೋನ್ ಮಾಡುತ್ತೀರಿ. ಆ ಕಡೆಯವರು ಕೇಳುವ ಮೊದಲ ಪ್ರಶ್ನೆ, “ಈ ವ್ಯವಹಾರ ನೀವು ಮಾಡಿದ್ದಾ ಸಾರ್?” ಸಿಟ್ಟಿನಲ್ಲಿದ್ದೀರಿ, “ಇಲ್ಲ, ನಾನು ಮಾಡಿಲ್ಲ, ಮೋಸ ಆಗಿದೆ” ಅನ್ನುತ್ತೀರಿ. ಅಲ್ಲಿಗೆ ನಿಮ್ಮ ದೂರು ವಂಚನೆಯ ಕಪಾಟಿಗೆ ಹೋಯಿತು. ಕಾರ್ಡ್ ಮುಚ್ಚುತ್ತಾರೆ. ವಂಚನೆ ವಿಭಾಗದವರು ನೋಡುವುದು ಒಂದನ್ನೇ: ಪಿನ್ ಒತ್ತಿದ್ದಾರಾ, ಒಟಿಪಿ ಹಾಕಿದ್ದಾರಾ? ಸೀರೆ ಅಂಗಡಿಯಲ್ಲಿ ಎರಡು ಸಲವೂ ಪಿನ್ ಒತ್ತಿದ್ದು ಅವರೇ ತಾನೆ? “ಗ್ರಾಹಕರೇ ಪಿನ್ ಬಳಸಿದ್ದಾರೆ, ವಂಚನೆ ಅಲ್ಲ” ಎಂದು ಬರೆದು ಮುಚ್ಚಿಬಿಡುತ್ತಾರೆ. ಅವರು ಬರೆದದ್ದು ಸುಳ್ಳಲ್ಲ, ನಾವು ಹೇಳಿದ್ದೇ ಸರಿ ಇರಲಿಲ್ಲ. ಅಲ್ಲಿ ನಡೆದದ್ದು ಒಂದೇ ಖರೀದಿಗೆ ಎರಡು ಸಲ ವಸೂಲಿ. ವೀಸಾದ ನಿಯಮದಲ್ಲಿ ದೂರುಗಳಿಗೆ ನಾಲ್ಕು ಗುಂಪುಗಳಿವೆ, ಅಂಕಿಗಳಿಂದ ಗುರುತಿಸುತ್ತಾರೆ. 10 ಅಂದರೆ ವಂಚನೆ, 11 ಅಂದರೆ ಅನುಮತಿಗೆ ಸಂಬಂಧಿಸಿದ್ದು, 12 ಅಂದರೆ ಲೆಕ್ಕ ಹಾಕುವಾಗ ಆದ ತಪ್ಪು, 13 ಅಂದರೆ ಗ್ರಾಹಕರಿಗೂ ವ್ಯಾಪಾರಿಗೂ ನಡುವಿನ ತಕರಾರು. ಎರಡು ಸಲ ಕಡಿತ, ಬಿಲ್ಲಿಗಿಂತ ಹೆಚ್ಚು ಕಡಿತ, ಇವು 12ರಲ್ಲಿ ಬರುತ್ತವೆ. ಸಾಮಾನು ಬಂದಿಲ್ಲ, ರದ್ದು ಮಾಡಿದೆ ಆದರೂ ದುಡ್ಡು ವಾಪಸ್ ಬಂದಿಲ್ಲ, ಇವು 13. ಈ ಅಂಕಿಗಳನ್ನು ನೀವು ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ನಿಮ್ಮ ಒಂದು ವಾಕ್ಯ ನಿಮ್ಮ ಕಾಗದವನ್ನು ಯಾವ ಮೇಜಿಗೆ ಕಳಿಸುತ್ತದೆ ಎನ್ನುವುದು ಗೊತ್ತಿರಲಿ.

ಹಾಗಾಗಿ ಆ ತಾಯಿ ಮೊದಲ ದಿನವೇ ಬರೆಯಬೇಕಿದ್ದ ಕಾಗದ ಹೀಗಿರಬೇಕಿತ್ತು:

“ಇಂಥ ಅಂಕಿಗಳಲ್ಲಿ ಕೊನೆಯಾಗುವ ನನ್ನ ಕ್ರೆಡಿಟ್ ಕಾರ್ಡಿನಲ್ಲಿ ಇಂಥ ದಿನ, ಇಂಥ ಅಂಗಡಿಯ ಹೆಸರಿನಲ್ಲಿ 8,450 ರೂಪಾಯಿ ಎರಡು ಬಾರಿ ದಾಖಲಾಗಿದೆ. ನಾನು ಕೊಂಡದ್ದು ಒಂದೇ ಸಲ, ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಒಂದು ವ್ಯವಹಾರ ನನ್ನದು. ಇನ್ನೊಂದು ಅದೇ ಖರೀದಿಗೆ ಎರಡನೆಯ ಬಾರಿ ಹಾಕಿದ್ದು, ಅದನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು ಇದನ್ನು ಡೂಪ್ಲಿಕೇಟ್ ಪ್ರೊಸೆಸಿಂಗ್ (ಒಂದೇ ಖರೀದಿಗೆ ಎರಡು ಸಲ ಕಡಿತ) ಎಂಬ ಡಿಸ್ಪ್ಯೂಟ್ ಆಗಿ ದಾಖಲಿಸಿ ಚಾರ್ಜ್‌ಬ್ಯಾಕ್ ಮಾಡಿ. ತೀರ್ಮಾನ ಆಗುವವರೆಗೆ ಆ ಮೊತ್ತದ ಮೇಲೆ ಬಡ್ಡಿ, ದಂಡ ಹಾಕಬೇಡಿ. ದೂರಿನ ಸಂಖ್ಯೆ ಕೊಡಿ.”

ಇಷ್ಟೇ. ಬೈಗುಳ ಬೇಡ, ಕಥೆ ಬೇಡ. ನನ್ನ ಮೇಜಿಗೆ ನಾಲ್ಕು ಪುಟದ ಕಾಗದಗಳು ಬರುತ್ತಿದ್ದವು. ಮೂರೂವರೆ ಪುಟದಲ್ಲಿ ಅಂಗಡಿಯವರು ಎಷ್ಟು ಕೆಟ್ಟದಾಗಿ ಮಾತಾಡಿದರು ಎಂಬ ವಿವರ ಇರುತ್ತಿತ್ತು, ದಿನಾಂಕ ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಆ ನೋವು ನಿಜವೇ. ಆದರೆ ಅಂಗಡಿಯ ಬ್ಯಾಂಕಿನಲ್ಲಿ ಕೂತಿರುವವರಿಗೆ ಬೇಕಾದ್ದು ದಿನಾಂಕ, ಮೊತ್ತ, ಬಿಲ್ಲು. ಕನ್ನಡದಲ್ಲೇ ಬರೆಯಿರಿ, ತೊಂದರೆ ಇಲ್ಲ. ಚೀಟಿ ಮಾಸುವ ಮೊದಲು ಅದರ ಫೋಟೊ ತೆಗೆದಿಡಿ.

ಯಂತ್ರ ಚೀಟಿಯನ್ನೇ ಕೊಡದೆ, ಅಂಗಡಿಗೆ ಖಾತರಿಯೂ ಬಾರದೆ ದುಡ್ಡು ಮಾತ್ರ ಹೋಗಿದ್ದರೆ ಅದಕ್ಕೆ ಇನ್ನೂ ಸರಳ ನಿಯಮ ಇದೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ ಪ್ರಕಾರ ಅಂಥ ದುಡ್ಡು ವ್ಯವಹಾರದ ದಿನದಿಂದ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ನೀವು ಕೇಳದೆಯೇ. ಕೊಡದಿದ್ದರೆ ಕೇಳಿ ಪಡೆಯಿರಿ.

ಅಂಗಡಿಯವರು “ರೀಫಂಡ್ ಮಾಡಿದ್ದೇವೆ, ನಿಮ್ಮ ಬ್ಯಾಂಕೇ ಹಾಕಿಲ್ಲ” ಅನ್ನುತ್ತಾರಲ್ಲ, ಆಗ ಏನು ಮಾಡುವುದು? ಎಆರ್‌ಎನ್ ಕೇಳಿ. ಅದು 23 ಅಂಕಿಗಳ ಒಂದು ಸಂಖ್ಯೆ. ನಿಜವಾಗಿ ರೀಫಂಡ್ ಹೊರಟಿದ್ದರೆ ಅಂಗಡಿಯ ಬ್ಯಾಂಕು ಆ ಸಂಖ್ಯೆ ಕೊಡಬಲ್ಲದು, ನಿಮ್ಮ ಬ್ಯಾಂಕು ಅದನ್ನು ಹಿಡಿದು ಹುಡುಕಬಲ್ಲದು. ಸಂಖ್ಯೆ ಕೇಳಿದ ಮೇಲೆ ಎಷ್ಟೋ ಅಂಗಡಿಗಳು ಅವತ್ತೇ ರೀಫಂಡ್ ಮಾಡಿದ್ದನ್ನು ನಾನು ಕಂಡಿದ್ದೇನೆ. ಅಂದರೆ ಅಲ್ಲಿಯವರೆಗೆ ಮಾಡಿರಲೇ ಇಲ್ಲ. ಇನ್ನೊಂದು ಮಾತು. ಕಾರ್ಡಿನಿಂದ ಹೋದ ದುಡ್ಡು ಅದೇ ಕಾರ್ಡಿಗೆ ಬರಲಿ. “ನಗದು ತಗೊಳ್ಳಿ, ಇಲ್ಲಿ ಸಹಿ ಮಾಡಿ” ಎಂದರೆ ಯೋಚಿಸಿ. ಏನಕ್ಕೆ ಸಹಿ ಮಾಡುತ್ತಿದ್ದೀರಿ ಎಂದು ಓದಿ ನೋಡಿ.

ಇಷ್ಟು ಹೊತ್ತು ಹೇಳಿದ್ದು ಕೈತಪ್ಪು, ಸೋಮಾರಿತನ, ಲೆಕ್ಕದ ಅಧ್ವಾನಗಳ ಬಗ್ಗೆ. ಇನ್ನು ಇದಕ್ಕಿಂತ ಕೆಟ್ಟದ್ದು. ನಿಮ್ಮ ಕಾರ್ಡಿನ ವಿವರವನ್ನೇ ಅಂಗಡಿಯವರು ಸೋರಿಸಿದಾಗ. ಇದನ್ನು ನನ್ನ ಮನೆಯಲ್ಲೇ ನಡೆದದ್ದರಿಂದ ಹೇಳುತ್ತೇನೆ.

ನಿವೃತ್ತನಾದ ಮರುವರ್ಷ ಬೀಗರ ಜೊತೆ ಮಲೆನಾಡಿನ ಒಂದು ತಂಗುದಾಣಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಫೋನಿನಲ್ಲಿ ಕೋಣೆ ಹಿಡಿದೆ. “ಗ್ಯಾರಂಟಿಗೆ ಸಾರ್, ಕಾರ್ಡಿನ ಮುಂಭಾಗ, ಹಿಂಭಾಗ ಎರಡೂ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿ” ಎಂದರು. ಹಾಕಬಾರದು ಎಂದು ನನಗೆ ಗೊತ್ತಿತ್ತು. ಏಳು ವರ್ಷ ಅದನ್ನೇ ಬೇರೆಯವರಿಗೆ ಹೇಳಿದ್ದೆ. ಆದರೆ ಬೀಗರು ಎದುರಿಗೆ ಕೂತಿದ್ದರು, ಕೋಣೆ ಕೈತಪ್ಪಿ ಹೋಗಬಾರದು ಎಂಬ ಅವಸರ, ಒಳ್ಳೆಯ ಜನರಂತೆ ಮಾತಾಡಿದರು. ಹಾಕಿಬಿಟ್ಟೆ. ಹೋದೆವು, ಬಂದೆವು, ಎಲ್ಲ ಚೆನ್ನಾಗಿತ್ತು. ಮೂರು ವಾರದ ಮೇಲೆ ಒಂದು ಗುರುವಾರ ನಸುಕಿನ 2.40ಕ್ಕೆ ಮೆಸೇಜ್ ಬಂತು. ಎಂದೂ ಹೆಸರು ಕೇಳದ ಒಂದು ವಿದೇಶಿ ಮಾರಾಟಗಾರರಿಗೆ ಡಾಲರ್‌ನಲ್ಲಿ ಪಾವತಿ, ನಮ್ಮ ಲೆಕ್ಕದಲ್ಲಿ 31 ಸಾವಿರ ರೂಪಾಯಿ ದಾಟಿತ್ತು. ಒಟಿಪಿ ಬರಲೇ ಇಲ್ಲ.

ಒಟಿಪಿ ಇಲ್ಲದೆ ಹೇಗೆ ಹೋಯಿತು ಎಂದು ನೀವು ಕೇಳಬಹುದು. ನಮ್ಮ ದೇಶದೊಳಗೆ ಆನ್‌ಲೈನ್ ಕಾರ್ಡ್ ಪಾವತಿಗೆ ಒಟಿಪಿಯಂಥ ಎರಡನೆಯ ಖಾತರಿ ಬೇಕು ಎಂಬುದು 2009ರ ಆಗಸ್ಟ್‌ನಿಂದ ಇರುವ ನಿಯಮ. ಹೊರದೇಶದ ಎಷ್ಟೋ ಮಾರಾಟಗಾರರು ಅದನ್ನು ಕೇಳುವುದಿಲ್ಲ. ಕಾರ್ಡಿನ ಸಂಖ್ಯೆ, ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿಯ ಸಿವಿವಿ, ಇಷ್ಟಿದ್ದರೆ ಸಾಕು. ನಾನು ಕಳಿಸಿದ ಎರಡು ಫೋಟೊಗಳಲ್ಲಿ ಈ ಮೂರೂ ಇದ್ದವು. ವಿದೇಶಿ ಬಳಕೆಯನ್ನು ಮುಚ್ಚಿಡುವ ಸೌಲಭ್ಯ ಆ್ಯಪ್‌ನಲ್ಲಿತ್ತು. 2020ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ಆದೇಶದ ಮೇಲೆ ಹೊಸ ಕಾರ್ಡುಗಳು ಬರುವಾಗ ವಿದೇಶಿ ಮತ್ತು ಆನ್‌ಲೈನ್ ಬಳಕೆ ಮುಚ್ಚಿಯೇ ಬರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. ಮಗಳನ್ನು ನೋಡಲು ಜರ್ಮನಿಗೆ ಹೋಗಿದ್ದಾಗ ತೆರೆದವನು ಮತ್ತೆ ಮುಚ್ಚಿರಲಿಲ್ಲ. ಇವತ್ತು ಮನೆಗೆ ಹೋದ ಮೇಲೆ ಇದೊಂದನ್ನು ದಯವಿಟ್ಟು ನೋಡಿಕೊಳ್ಳಿ.

ರಾತ್ರಿಯೇ ಕಾರ್ಡ್ ಮುಚ್ಚಿದೆ. ಬೆಳಿಗ್ಗೆ ಬ್ಯಾಂಕಿಗೆ ಬರೆಯುವ ಬದಲು ತಂಗುದಾಣಕ್ಕೆ ಫೋನ್ ಮಾಡಿದೆ. “ನಮ್ಮಿಂದ ಆಗಿರಲ್ಲ ಸಾರ್, ಕೇಳಿ ಹೇಳ್ತೀನಿ” ಎಂದರು. ಶುಕ್ರವಾರ ಮತ್ತೆ ಫೋನ್. ಶನಿವಾರ ಯಾರೂ ಎತ್ತಲಿಲ್ಲ. ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದ ನಾನೂ ಆ ಸೀರೆ ಅಂಗಡಿಯ ಮೆಟ್ಟಿಲನ್ನೇ ಹತ್ತುತ್ತಿದ್ದೆ. ಸೋಮವಾರ ಮಧ್ಯಾಹ್ನ ನನ್ನ ಹೆಂಡತಿ “ನೀವು ಕೂತಿದ್ದ ಮೇಜಿಗೆ ಕಾಗದ ಯಾವಾಗ ಹೋಗುತ್ತೆ?” ಎಂದು ಕೇಳಿದಳು. ಆಗ ಎಚ್ಚರವಾಯಿತು. ಅದು ಮೂರನೆಯ ಕೆಲಸದ ದಿನ, ಕೊನೆಯ ದಿನ.

ಈ ಮೂರು ದಿನದ ಲೆಕ್ಕ ಎಲ್ಲಿಂದ ಬಂತು ಎಂದು ಹೇಳುತ್ತೇನೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು, ಅನಧಿಕೃತ ವ್ಯವಹಾರಗಳಲ್ಲಿ ಗ್ರಾಹಕರ ಹೊಣೆ ಎಷ್ಟು ಎನ್ನುವುದರ ಬಗ್ಗೆ. ತಪ್ಪು ಬ್ಯಾಂಕಿನದಾಗಿದ್ದರೆ ನಿಮ್ಮ ಹೊಣೆ ಸೊನ್ನೆ, ಯಾವಾಗ ತಿಳಿಸಿದರೂ ಸರಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ, ಅಂದರೆ ಅಂಗಡಿಯಲ್ಲಿ ಸೋರಿದೆ ಎಂದಿಟ್ಟುಕೊಳ್ಳಿ. ಆಗ ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೂ ನಿಮ್ಮ ಹೊಣೆ ಸೊನ್ನೆಯೇ. ಮೆಸೇಜ್ ಬಂದ ದಿನವನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗೆ ನೀವು ಹೊರಬೇಕು. 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಾದರೆ ಪ್ರತಿ ವ್ಯವಹಾರಕ್ಕೆ ಹೆಚ್ಚೆಂದರೆ 10 ಸಾವಿರ, ಅದಕ್ಕಿಂತ ದೊಡ್ಡ ಮಿತಿಯದಾದರೆ 25 ಸಾವಿರ. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನು ಹೇಳುತ್ತದೋ ಅದು. ಶುಕ್ರವಾರ, ಶನಿವಾರ ಎಂದು ನಾನು ಫೋನ್ ಹಿಡಿದು ಕೂತಿದ್ದ ಒಂದೊಂದು ದಿನಕ್ಕೂ ಬೆಲೆ ಇತ್ತು.

ತಿಳಿಸಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಲೆಕ್ಕಕ್ಕೆ ಹಾಕಬೇಕು. ಇದಕ್ಕೆ ಅವರು ‘ಶ್ಯಾಡೋ ಕ್ರೆಡಿಟ್’ ಅನ್ನುತ್ತಾರೆ. ದೂರು 90 ದಿನದೊಳಗೆ ತೀರ್ಮಾನವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಗ್ರಾಹಕರದೇ ಎಂದು ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ.

ನನ್ನ ಬ್ಯಾಂಕಿನ ಮೊದಲ ಉತ್ತರ ಏನು ಬಂತು ಗೊತ್ತೆ? “ನೀವೇ ಕಾರ್ಡಿನ ವಿವರ ಹಂಚಿಕೊಂಡಿದ್ದೀರಿ, ಇದು ನಿಮ್ಮ ನಿರ್ಲಕ್ಷ್ಯ.” ಅದರಲ್ಲಿ ಪೂರ್ತಿ ಸುಳ್ಳಿರಲಿಲ್ಲ, ಒಪ್ಪುತ್ತೇನೆ. ಗ್ರಾಹಕರ ನಿರ್ಲಕ್ಷ್ಯದಿಂದ ಹೋದದ್ದು, ಅವರು ಬ್ಯಾಂಕಿಗೆ ತಿಳಿಸುವ ತನಕ ಗ್ರಾಹಕರದೇ ಹೊಣೆ ಎಂದು ಅದೇ ಸುತ್ತೋಲೆ ಹೇಳುತ್ತದೆ. ಆದರೆ ಕೋಣೆಗೆಂದು ಒಬ್ಬ ವ್ಯಾಪಾರಿಗೆ ಕಾರ್ಡ್ ಸಂಖ್ಯೆ ಕೊಡುವುದೂ, ಅಪರಿಚಿತನಿಗೆ ಫೋನಿನಲ್ಲಿ ಒಟಿಪಿ ಹೇಳುವುದೂ ಒಂದೇ ಎಂದು ನಾನು ಒಪ್ಪಲಿಲ್ಲ. ಮತ್ತೆ ಬರೆದೆ. “ಈ ವ್ಯವಹಾರಕ್ಕೆ ನಾನು ಪಿನ್ ಅಥವಾ ಒಟಿಪಿ ಕೊಟ್ಟಿದ್ದರೆ ಅದರ ದಾಖಲೆ ತೋರಿಸಿ. ಇಲ್ಲದಿದ್ದರೆ ಇದು ಖಾತರಿ ಇಲ್ಲದೆ ನಡೆದ ವ್ಯವಹಾರ, ಚಾರ್ಜ್‌ಬ್ಯಾಕ್ ಮಾಡಿ.” ದಾಖಲೆ ಅವರ ಹತ್ತಿರ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಒಟಿಪಿ ಕೇಳದೆ ದುಡ್ಡು ತೆಗೆದುಕೊಂಡ ಮಾರಾಟಗಾರರಿಗೆ ಇಂಥ ಕಡೆ ಹೇಳಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. 74 ದಿನದ ಮೇಲೆ ದುಡ್ಡು ಪೂರ್ತಿ ಬಂತು. ಬ್ಯಾಂಕಿನ ಮೊದಲ ‘ಇಲ್ಲ’ವನ್ನು ಕೊನೆಯ ಮಾತು ಎಂದು ತಿಳಿಯಬೇಡಿ ಎನ್ನಲು ಇದನ್ನು ಹೇಳಿದೆ. ಆ ‘ಇಲ್ಲ’ಗಳನ್ನು ಬರೆಯುತ್ತಿದ್ದವರಲ್ಲಿ ನಾನೂ ಒಬ್ಬ. ಬರೆಯುವವರ ಮುಂದೆ ಅವತ್ತು ಇನ್ನೂ ಅರವತ್ತು ಕಾಗದ ಇರುತ್ತವೆ.

ಇನ್ನು ಆ ತಂಗುದಾಣದ ವಿಷಯ. ಕೋಣೆ ಕೊಡುವವರಿಗೆ ನನ್ನ ಸಿವಿವಿ ಯಾಕೆ ಬೇಕು? ಕಾರ್ಡ್ ಪಾವತಿಯ ಅಂತರರಾಷ್ಟ್ರೀಯ ಭದ್ರತಾ ಮಾನದಂಡ ಪಿಸಿಐ ಡಿಎಸ್‌ಎಸ್ ಹೇಳುವ ಪ್ರಕಾರ ಪಾವತಿಗೆ ಅನುಮತಿ ಸಿಕ್ಕ ಮೇಲೆ ಸಿವಿವಿಯನ್ನು ಎಲ್ಲೂ ಉಳಿಸಿಕೊಳ್ಳುವಂತಿಲ್ಲ, ಗೂಢಲಿಪಿಯಲ್ಲಿ ಕೂಡ. ನಮ್ಮ ರಿಸರ್ವ್ ಬ್ಯಾಂಕ್ ಇನ್ನೂ ಮುಂದೆ ಹೋಯಿತು. 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ಜಾಲ ಬಿಟ್ಟರೆ ಪಾವತಿಯ ಸರಪಳಿಯಲ್ಲಿ ಬೇರಾರೂ ಕಾರ್ಡಿನ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು, ಅಷ್ಟು ಸಾಕು. ಆನ್‌ಲೈನ್ ಅಂಗಡಿಗಳಲ್ಲಿ ನೀವು ಕಾರ್ಡ್ ‘ಸೇವ್’ ಮಾಡಿದಾಗ ಈಗ ಉಳಿಯುವುದು ಟೋಕನ್ ಎಂಬ ಬದಲಿ ಸಂಖ್ಯೆ, ಕದ್ದರೂ ಬೇರೆ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಇಷ್ಟೆಲ್ಲ ಕಟ್ಟುನಿಟ್ಟು ಕಂಪ್ಯೂಟರಿನೊಳಗೆ ಇರುವಾಗ, ಹೊರಗೆ ಸ್ವಾಗತ ಮೇಜಿನ ಮೇಲೆ ಉದ್ದ ಪುಸ್ತಕದಲ್ಲಿ ಕಾರ್ಡಿನ ಹದಿನಾರು ಅಂಕಿ ಬರೆದಿಟ್ಟುಕೊಳ್ಳುವವರಿದ್ದಾರೆ. ಹಳೆಯ ಫೋನಿನ ಗ್ಯಾಲರಿಯಲ್ಲಿ ಕಾರ್ಡಿನ ಫೋಟೊ ಹಾಗೇ ಬಿಟ್ಟವರಿದ್ದಾರೆ, ಆ ಫೋನನ್ನು ಮೂರು ಪಾಳಿಯ ಆರು ಜನ ಬಳಸುತ್ತಾರೆ. ದುರುದ್ದೇಶ ಒಬ್ಬರಿಗೆ ಇದ್ದರೆ ಸಾಕು. ಯಾರಾದರೂ ಕಾರ್ಡಿನ ಫೋಟೊ ಕೇಳಿದರೆ “ಪಾವತಿಯ ಲಿಂಕ್ ಕಳಿಸಿ” ಎನ್ನಿ. ಅದು ಅವರಿಗೂ ಸುಲಭ. ಫೋಟೊನೇ ಬೇಕು ಎಂದು ಹಟ ಹಿಡಿದರೆ ಆ ಕೋಣೆ ಬೇಡ.

ಹೀಗೆ ವಿವರ ಸೋರಿಸುವುದು ಬರೀ ಅಜಾಗರೂಕತೆ ಎಂದು ಅವರು ತೇಲಿಸಿಬಿಡಬಹುದು, ಕಾನೂನು ಹಾಗೆ ನೋಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂದರೆ ಏನು ಎಂದು ಪಟ್ಟಿ ಮಾಡಿದ್ದಾರೆ. ಗ್ರಾಹಕರು ನಂಬಿ ಕೊಟ್ಟ ಖಾಸಗಿ ಮಾಹಿತಿಯನ್ನು ಕಾನೂನಿನ ಅವಕಾಶವಿಲ್ಲದೆ ಬೇರೆಯವರಿಗೆ ಕೊಡುವುದು ಆ ಪಟ್ಟಿಯಲ್ಲಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ತಂಗುದಾಣ ಎಲ್ಲಿದ್ದರೂ ಸರಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಇದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಸಣ್ಣ ತಕರಾರುಗಳು ಅಲ್ಲೇ ಬಗೆಹರಿಯುವುದುಂಟು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಅದರಲ್ಲಿ ದಂಡ 250 ಕೋಟಿಯವರೆಗೆ ಇದೆ ಎಂದು ಓದಿರುತ್ತೀರಿ. ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ ದುಡ್ಡಿನ ದಾರಿ ಬೇರೆಯೇ.

ವಂಚನೆ ಎಂದು ಖಚಿತವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಿ. ಮುಂದಿನ ಕೈಗೆ ಹೋಗುವ ಮೊದಲು ದುಡ್ಡನ್ನು ತಡೆಹಿಡಿಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲಿ. ಸೈಬರ್ ಅಪರಾಧಕ್ಕೆಂದೇ ಪೊಲೀಸ್ ಠಾಣೆ 2001ರಷ್ಟು ಹಿಂದೆಯೇ ನಮ್ಮ ಬೆಂಗಳೂರಿನಲ್ಲಿ ಶುರುವಾಯಿತು. ಈಗ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ. ಬೇರೆಯವರ ಪಾಸ್‌ವರ್ಡಿನಂಥ ಗುರುತನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ದೂರಿನ ಪ್ರತಿಯನ್ನು ಬ್ಯಾಂಕಿಗೆ ಕೊಡುವ ಕಾಗದಕ್ಕೆ ಸೇರಿಸಿ, ಅದಕ್ಕೆ ತೂಕ ಬರುತ್ತದೆ.

ಬ್ಯಾಂಕೇ ಉತ್ತರ ಕೊಡದಿದ್ದರೆ? ಬಿಲ್ಲಿನ ಬಗ್ಗೆ ದೂರು ಕೊಟ್ಟ 30 ದಿನದೊಳಗೆ ವಿವರಣೆಯನ್ನೂ, ಅಗತ್ಯವಿದ್ದಲ್ಲಿ ದಾಖಲೆಯನ್ನೂ ಬ್ಯಾಂಕು ಕೊಡಬೇಕು ಎಂದು 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಕಾರ್ಡ್ ನಿರ್ದೇಶನಗಳಲ್ಲಿದೆ. 30 ದಿನ ಕಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ದೂರಿನ ಪೋರ್ಟಲ್ ಮೂಲಕ ಬರೆಯಬಹುದು. ವಿಚಾರಿಸಲು 14448 ಇದೆ. ಖರ್ಚಿಲ್ಲ. ಆದರೆ ನೇರವಾಗಿ ಅಲ್ಲಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ, ಮೊದಲು ಬ್ಯಾಂಕಿಗೆ ಬರೆದಿರಬೇಕು. ಬರೆದದ್ದಕ್ಕೆ ಸಾಕ್ಷಿ ಇರಬೇಕು. ಸಹಾಯವಾಣಿಯಲ್ಲಿ ಅರ್ಧ ಗಂಟೆ ಮಾತಾಡಿದ್ದು ಯಾರಿಗೂ ಕಾಣುವುದಿಲ್ಲ, ಕಳಿಸಿದ ಈಮೇಲ್ ಕಾಣುತ್ತದೆ.

ಮರೆಯುವ ಮೊದಲು ಇನ್ನೊಂದು. ದೂರು ಕೊಟ್ಟಿದ್ದೇನೆ ಎಂದು ಇಡೀ ಬಿಲ್ಲನ್ನೇ ಕಟ್ಟದೆ ಬಿಡಬೇಡಿ. ತಕರಾರಿನ ಮೊತ್ತ ಬಿಟ್ಟು ಉಳಿದದ್ದನ್ನು ಗಡುವಿನೊಳಗೆ ಕಟ್ಟಿ. 900 ರೂಪಾಯಿಯ ತಕರಾರಿಗೆ 40 ಸಾವಿರದ ಬಿಲ್ಲು ನಿಲ್ಲಿಸಿ, ಬಡ್ಡಿ ಬೆಳೆದು, ಸಿಬಿಲ್ ಅಂಕ ಕುಸಿದು, ಮನೆ ಸಾಲಕ್ಕೆ ಹೋದಾಗ ಅಳುತ್ತಾ ಬಂದ ಒಬ್ಬ ಹುಡುಗನನ್ನು ನಾನು ಮರೆತಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

(ಹಲವರು ಕೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರ ಪ್ರಶ್ನೆಯನ್ನು ಮಾತ್ರ ಇಲ್ಲಿ ಕೊಡುತ್ತೇನೆ.)

“ನಮ್ಮ ಬೀದಿ ಕೊನೆಯ ಔಷಧಿ ಅಂಗಡಿ ಸಾರ್. ಇಪ್ಪತ್ತು ವರ್ಷದಿಂದ ಗೊತ್ತು. ಯಂತ್ರಕ್ಕೆ ಕಾರ್ಡ್ ಮುಟ್ಟಿಸಿದೆ, ಪಿನ್ ಕೇಳಲಿಲ್ಲ. ಬಿಲ್ಲು 462. ಮನೆಗೆ ಬಂದು ನೋಡಿದರೆ 4,620 ಹೋಗಿದೆ. ಹೇಳಿದೆ, ಸರಿ ಮಾಡ್ತೀನಿ ಅಂದ. ಬ್ಯಾಂಕಿಗೆ ಬರೆದರೆ ಅವನಿಗೆ ತೊಂದರೆ ಆಗಲ್ವಾ? ದಿನಾ ಮುಖ ನೋಡಬೇಕಲ್ಲ?”

ಮುಟ್ಟಿಸಿ ಪಾವತಿಸುವಾಗ 5,000 ರೂಪಾಯಿವರೆಗೆ ಪಿನ್ ಕೇಳದೆ ಹೋಗಬಹುದು, 2021ರ ಜನವರಿಯಿಂದ ಆ ಮಿತಿ ಇದೆ. ಹಾಗಾಗಿ ಮುಟ್ಟಿಸುವ ಮೊದಲು ಪರದೆಯ ಮೇಲಿನ ಮೊತ್ತ ನೋಡುವುದು ನಮ್ಮ ಕೆಲಸ. ಆದರೆ ಒಂದು ಸೊನ್ನೆ ಹೆಚ್ಚು ಒತ್ತಿದ್ದು ಅವರ ತಪ್ಪೇ. ಅವರ ಮೇಲೆ ವಂಚನೆಯ ದೂರು ಕೊಡಿ ಎಂದು ನಾನು ಹೇಳುತ್ತಿಲ್ಲ, ಅವರು ವಂಚಕರಲ್ಲ. ‘ಮೊತ್ತ ತಪ್ಪಾಗಿ ದಾಖಲಾಗಿದೆ’ ಎಂದು ಬರೆಯಿರಿ. ಅವರು ತಾವೇ 4,158 ರೂಪಾಯಿ ವಾಪಸ್ ಕಳಿಸಿದರೆ ದೂರನ್ನು ಹಿಂದಕ್ಕೆ ಪಡೆಯಬಹುದು, ಅದಕ್ಕೆ ಒಂದು ಸಾಲಿನ ಈಮೇಲ್ ಸಾಕು. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ ಅವರಿಗೂ ಹೇಳಿಬಿಡಿ, “ಬ್ಯಾಂಕಿಗೆ ಬರೆದಿಟ್ಟಿದ್ದೇನಪ್ಪ, ನೀನು ಮಾಡಿದ ಕೂಡಲೇ ವಾಪಸ್ ತಗೋತೀನಿ” ಅಂತ. ಮುಚ್ಚುಮರೆ ಇಲ್ಲದಿದ್ದರೆ ಮುಖ ನೋಡುವುದು ಕಷ್ಟವಾಗುವುದಿಲ್ಲ.

“ಅಂದರೆ ಇವತ್ತೇ ಬರೀಬೇಕಾ?”

ಯಾವತ್ತು ಆದದ್ದು?

“ಶುಕ್ರವಾರ ಸಂಜೆ.”

ಇದಕ್ಕೆ ಮೂರು ದಿನದ ಲೆಕ್ಕ ಬರುವುದಿಲ್ಲ, ಆ ಲೆಕ್ಕ ಅನಧಿಕೃತ ವ್ಯವಹಾರಕ್ಕೆ. ಇದು ತಪ್ಪು ಮೊತ್ತದ ತಕರಾರು, ಸಮಯ ಇದೆ. ಆದರೂ ಇವತ್ತೇ ಬರೆಯೋಣ. ಬಿಲ್ಲು ಜೇಬಿನಲ್ಲಿದೆಯಾ?

ಇತ್ತು. ನಾಲ್ಕಾಗಿ ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ವಾಚನಾಲಯದ ಮೇಜಿನ ಮೇಲೆ ಬಿಡಿಸಿ ಫೋಟೊ ತೆಗೆದೆವು. ಕಾರ್ಯಕ್ರಮದ ಕರಪತ್ರದ ಹಿಂಭಾಗದಲ್ಲಿ ಆರು ಸಾಲು ಬರೆದೆವು, ಅವರ ಮೊಮ್ಮಗಳು ಅದನ್ನು ಫೋನಿನಲ್ಲಿ ಟೈಪ್ ಮಾಡಿ ಬ್ಯಾಂಕಿಗೆ ಕಳಿಸಿದಳು. ದೂರಿನ ಸಂಖ್ಯೆ ಬಂದಾಗ ಗಂಟೆ ಏಳೂ ಕಾಲು.